ಒಡೆಯರಪಾಳ್ಯದ ಟಿಬೆಟನ್ನರೂ ಇಂಗ್ಲಿಷ್ ಕಲಿಕೆಯೂ

ವಲಸೆ ಬಂದವರು ಇಂಗ್ಲಿಷನ್ನು ಕಲಿಯುವಾಗ ಎದುರಿಸುವ ತೊಡಕುಗಳನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ವಿಪುಲವಾದ ಬರೆಹ ಬೆಳೆದಿದೆ. ಅದರಲ್ಲಿ ಬಹುಭಾಗವು ಇಂಗ್ಲಿಷನ್ನೇ ಆಡುವ ನಾಡಿಗೆ ಹೋಗಿ ನೆಲಸಿದವರನ್ನು ದೃಷ್ಟಿಯಲ್ಲಿಟ್ಟುಕೊಂಡು ಹುಟ್ಟಿದ್ದು. ಅಂಥ ಕಡೆ ಕಲಿಯುವವನು ಬಾಗಿಲು ತೆರೆದು ಹೊರಬಂದರೆ ಸಾಕು, ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಆ ಭಾಷೆ ಅವನ ಕಿವಿಗೆ ತಾನಾಗಿ ಬೀಳುತ್ತದೆ. ಆದರೆ ಇಂಗ್ಲಿಷ್ ಯಾರ ಮನೆಮಾತೂ ಅಲ್ಲದ ಸೀಮೆಗೆ ವಲಸೆ ಬಂದು, ಅಲ್ಲಿದ್ದುಕೊಂಡೇ ಇಂಗ್ಲಿಷ್ ಕಲಿಯಬೇಕಾಗಿ ಬಂದ ಜನರ ಸಂಗತಿ ಬೇರೆ. ಅಂಥ ಜನ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿಯೇ ಇದ್ದಾರೆ. ಹನೂರು, ರಾಮಾಪುರ, ಲೊಕ್ಕನಹಳ್ಳಿಗಳ ಸುತ್ತಿನ ಗುಡ್ಡಗಾಡಿನಲ್ಲಿ, ಒಡೆಯರಪಾಳ್ಯದ ಬಳಿ ನೆಲಸಿರುವ ಟಿಬೆಟನ್ನರೇ ಅವರು. ಅವರ ಕಲಿಕೆಯಲ್ಲಿ ತೊಡಕು ಎಲ್ಲಿ ಹುಟ್ಟುತ್ತದೆಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಈ ಸೀಮೆಯ ಭಾಷಾಸ್ಥಿತಿಯನ್ನು ತಿಳಿಯಬೇಕು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರ ವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಅನಂತರ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ರಾಮಾಪುರದ ಕಡೆ ಕನ್ನಡ ಮನೆಮಾತಾಗಿರುವವರಿದ್ದಾರೆ, ತಮಿಳು ಮನೆಮಾತಾಗಿರುವವರಿದ್ದಾರೆ, ಬೆಟ್ಟದ ಪೋಡುಗಳಲ್ಲಿ ಸೋಲಿಗರಿದ್ದಾರೆ. ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸುವುದು ಇಲ್ಲಿಯವರಿಗೆ ವಿಶೇಷವಲ್ಲ. ಯಾವ ಮನೆಯಲ್ಲಿಯೂ ಕೇಳಿಬಾರದ ಭಾಷೆ ಯಾವುದೆಂದರೆ ಇಂಗ್ಲಿಷ್ ಒಂದೇ.

1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಹಸ್ರಾರು ಟಿಬೆಟನ್ನರು ಅವರ ಹಿಂದೆ ಬಂದರು. ಅವರ ಪುನರ್ವಸತಿಗೆ ನೆಲ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ರಾಜ್ಯವೂ ಒಂದು. ಬೈಲಕುಪ್ಪೆಯ ಮೊದಲ ವಸತಿ 1960ರ ದಶಕದ ಆರಂಭದಲ್ಲಿ ನೆಲೆಗೊಂಡಿತು. ಮುಂಡಗೋಡು, ಬೈಲಕುಪ್ಪೆಯ ಎರಡನೆಯ ವಸತಿ, ಹುಣಸೂರಿನ ಬಳಿಯ ಗುರುಪುರ ಇವು ಒಂದೊಂದಾಗಿ ಬಂದುವು. ಕೊನೆಯದಾಗಿ, 1974ರ ಸುಮಾರಿನಲ್ಲಿ, ಒಡೆಯರಪಾಳ್ಯದ ವಸತಿ ಆಯಿತು. ಟಿಬೆಟನ್ನರು ಇದಕ್ಕೆ ಇಟ್ಟ ಹೆಸರು ಧೋಂಡೆನ್‌ಲಿಂಗ್. ಇದು ಒಂದು ಊರಲ್ಲ, ಚದುರಿದ ಹಲವು ಹಳ್ಳಿಗಳ ಸಮೂಹ. ಮುಸುಕಿನ ಜೋಳ ಇಲ್ಲಿಯ ಮುಖ್ಯ ಬೆಳೆ. ಜೋಗ್‌ಚೆನ್ ಎಂಬ ಪ್ರಸಿದ್ಧ ಮಠ ಇಲ್ಲಿಯೇ ಮತ್ತೆ ಸ್ಥಾಪಿತವಾಗಿದೆ.

ವಸತಿಯ ಮೊದಲ ಪೀಳಿಗೆಯವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಹೊಲದ ಕೂಲಿಯಾಳುಗಳೊಡನೆ, ಹನೂರು ಕೊಳ್ಳೇಗಾಲಗಳ ಅಂಗಡಿಕಾರರೊಡನೆ ವ್ಯವಹರಿಸಿ ಬೇಕಾದಷ್ಟು ಕನ್ನಡವನ್ನು ಅವರು ಕಲಿತರು. ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುವ ವ್ಯಾಪಾರ ದಕ್ಷಿಣದ ಎಲ್ಲ ಟಿಬೆಟನ್ ವಸತಿಗಳಲ್ಲಿಯೂ ಉಂಟು. ಅದರಿಂದ ಹಿಂದಿ ಬಂದಿತು. ಈ ಎರಡನ್ನೂ ಯಾವ ಉಪಾಧ್ಯಾಯನೂ ಕಲಿಸಲಿಲ್ಲ. ಹೀಗಿರುವಾಗ ಈ ಜನಕ್ಕೆ ಭಾಷೆ ಕಲಿಯುವ ಶಕ್ತಿ ಕಡಮೆಯೆಂದು ಯಾರಾದರೂ ಹೇಳಿದರೆ ಅದು ಒಪ್ಪತಕ್ಕ ಮಾತಲ್ಲ. ಕನ್ನಡ ಹಿಂದಿಗಳು ಕಿವಿಯಿಂದ ಬಂದುವು, ಇಂಗ್ಲಿಷ್ ಮಾತ್ರ ಕಣ್ಣಿನಿಂದ ಬರಬೇಕಾಯಿತು. ಮುಂದೆ ಹೇಳುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಬಲಗೊಳ್ಳುತ್ತವೆ.

ಇನ್ನು ಧ್ವನಿಯ ವಿಚಾರ. ವಲಸೆ ಬಂದ ಟಿಬೆಟನ್ನರಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಆಡುಮಾತು ಲ್ಹಾಸಾ ಸೀಮೆಯ ಮಾತನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ಇದರಲ್ಲಿ ಪದದ ಆದಿಯ ಪಕಾರ ಬಕಾರಗಳನ್ನು ನಾವು ಮಾಡುವಂತೆ ಘೋಷದಿಂದ ಬೇರ್ಪಡಿಸುವುದಕ್ಕಿಂತ ಹೆಚ್ಚಾಗಿ ಕಂಠದ ಏರಿಳಿತದಿಂದ ಬೇರ್ಪಡಿಸುತ್ತಾರೆ. ಒಂದು ಎತ್ತರದ ತಾನದಲ್ಲಿ, ಇನ್ನೊಂದು ತಗ್ಗಿನ ತಾನದಲ್ಲಿ. ಆದಕಾರಣ ಇಂಗ್ಲಿಷಿನ ‘ಬ್ಯಾಕ್’, ‘ಪ್ಯಾಕ್’ ಎಂಬ ಮಾತುಗಳನ್ನು ತಾನು ಬೇರೆಬೇರೆಯಾಗಿಯೇ ಉಚ್ಚರಿಸಿದೆನೆಂದು ವಿದ್ಯಾರ್ಥಿ ನಂಬಿರುತ್ತಾನೆ; ಕೇಳುವವನಿಗೆ ಎರಡೂ ‘ಪ್ಯಾಕ್’ ಆಗಿಯೇ ಕೇಳಿಸಬಹುದು. ‘ಫ’ ಧ್ವನಿ ಟಿಬೆಟನ್ನಿನಲ್ಲಿಲ್ಲ. ಕನ್ನಡದಲ್ಲಿಯೂ ಅದು ಹೊರಗಿನಿಂದ ಬಂದದ್ದು. ‘ಪೋನು’, ‘ಕಾಪಿ’ ಎನ್ನುವ ನಮ್ಮ ಹಳ್ಳಿಯವರು ಈ ವಿಷಯದಲ್ಲಿ ಟಿಬೆಟನ್ನರ ಜೊತೆಗಾರರು.

ಇದಕ್ಕಿಂತ ಮುಖ್ಯವಾದದ್ದು ಪದಾಂತ್ಯದ ವ್ಯಂಜನಗಳ ಪ್ರಶ್ನೆ. ಟಿಬೆಟನ್ ಬರೆಹದಲ್ಲಿ ಪದದ ಕೊನೆಯಲ್ಲಿ ದ್, ಸ್, ಲ್ ಮೊದಲಾದ ವ್ಯಂಜನಗಳು ಉಂಟು. ಲ್ಹಾಸಾದ ಮಾತಿನಲ್ಲಿ ಅವು ಬಿದ್ದುಹೋಗಿ, ಹಿಂದಿನ ಸ್ವರದ ಬಣ್ಣವನ್ನು ಮಾತ್ರ ಬದಲಾಯಿಸುತ್ತವೆ. ಟಿಬೆಟ್ಟಿಗೆ ಆ ಜನರಿಟ್ಟ ಹೆಸರು ಬರೆಹದಲ್ಲಿ ‘ಬೋದ್’. ಮಾತಿನಲ್ಲಿ ಕೊನೆಯ ದಕಾರ ಕೇಳಿಸುವುದಿಲ್ಲ. ಇಂಗ್ಲಿಷಿನಲ್ಲಾದರೋ ಬಹುವಚನವನ್ನು ತೋರಿಸುವ ಸಕಾರವೂ ಭೂತಕಾಲವನ್ನು ತೋರಿಸುವ ದಕಾರವೂ ಪದದ ಕೊನೆಯಲ್ಲಿಯೇ ಬರುತ್ತವೆ. ‘ಬುಕ್ಸ್’ ಎನ್ನಬೇಕಾದಲ್ಲಿ ವಿದ್ಯಾರ್ಥಿ ‘ಬುಕ್’ ಎಂದರೆ, ‘ವಾಕ್ಡ್’ ಎನ್ನಬೇಕಾದಲ್ಲಿ ‘ವಾಕ್’ ಎಂದರೆ, ಅಧ್ಯಾಪಕನು ಇವನಿಗೆ ವಚನವೂ ಕಾಲವೂ ತಿಳಿಯದೆಂದು ನಿರ್ಣಯಿಸುತ್ತಾನೆ. ತಿಳಿದಿರುವುದು ಸಾಧ್ಯ, ತಿಳಿದದ್ದು ನಾಲಗೆಯ ತುದಿಯಲ್ಲಿ ಉದುರಿಹೋಗಿರುವುದೂ ಸಾಧ್ಯ. ಟಿಬೆಟನ್ನಿನಲ್ಲಿ ಬಹುವಚನ ಪ್ರತ್ಯಯವನ್ನು ಎಲ್ಲ ಕಡೆಯೂ ಹಚ್ಚಬೇಕೆಂಬ ನಿರ್ಬಂಧವಿಲ್ಲದಿರುವುದರಿಂದ ಎರಡು ಕಾರಣಗಳೂ ಒಟ್ಟುಗೂಡುವುದುಂಟು. ಅವನ ಬರೆಹವನ್ನು ಮಾತಿನೊಡನೆ ಹೋಲಿಸಿ ನೋಡಿದ ಹೊರತು ಯಾವುದು ಧ್ವನಿಯ ದೋಷ, ಯಾವುದು ವ್ಯಾಕರಣದ ದೋಷ ಎಂದು ಹೇಳಲಾಗದು.

ಇಲ್ಲಿ ಕನ್ನಡ ಮಕ್ಕಳ ದಾರಿ ತದ್ವಿರುದ್ಧವಾಗಿರುವುದನ್ನು ಗಮನಿಸಬೇಕು. ಕನ್ನಡದ ಮಾತು ಸ್ವರಾಂತವಾದದ್ದು. ಹೊರಗಿನಿಂದ ವ್ಯಂಜನಾಂತ ಪದ ಬಂದರೆ ನಾವು ಅದಕ್ಕೊಂದು ಉಕಾರವನ್ನು ಸೇರಿಸಿ ‘ಬಸ್ಸು’, ‘ಲೈಟು’ ಎಂದು ಒಗ್ಗಿಸಿಕೊಳ್ಳುತ್ತೇವೆ; ಒಟ್ಟಾದ ವ್ಯಂಜನಗಳ ನಡುವೆ ಸ್ವರವನ್ನು ತೂರಿಸಿ ‘ವಾಕೆಡ್’ ಎನ್ನುತ್ತೇವೆ. ರಾಮಾಪುರದ ಹುಡುಗ ಹೆಚ್ಚಿಗೆ ಸೇರಿಸುತ್ತಾನೆ, ಒಡೆಯರಪಾಳ್ಯದ ಹುಡುಗ ಇದ್ದುದನ್ನು ಬಿಡುತ್ತಾನೆ. ಸೇರಿಸಿದವನ ಮಾತಿನಲ್ಲಿ ಭೂತಕಾಲದ ಗುರುತು ಉಳಿಯುತ್ತದೆ. ಬಿಟ್ಟವನ ಮಾತಿನಲ್ಲಿ ಅದು ಅಳಿಯುತ್ತದೆ. ಇಬ್ಬರೂ ಮಾಡುವುದು ತಮ್ಮತಮ್ಮ ಭಾಷೆಯ ನಿಯಮವನ್ನು ಪಾಲಿಸುವ ಕೆಲಸವೇ ಆದರೂ ಅಂಕ ಕಳೆದುಕೊಳ್ಳುವವನು ಒಬ್ಬನೇ ಎಂಬುದು ಸ್ವಲ್ಪ ವಿಚಿತ್ರವಾಗಿದೆ.

ಕಾಗುಣಿತದ ವಿಷಯಕ್ಕೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಟಿಬೆಟನ್ ಲಿಪಿಯನ್ನು ಕ್ರಿ. ಶ. ಏಳನೆಯ ಶತಮಾನದಲ್ಲಿ ಥೋನ್ಮಿ ಸಂಭೋಟನು ಭಾರತೀಯ ಲಿಪಿಯ ಮಾದರಿಯಲ್ಲಿ ರಚಿಸಿದನೆಂದು ಸಂಪ್ರದಾಯ ಹೇಳುತ್ತದೆ. ಅದರಲ್ಲಿ 30 ವ್ಯಂಜನಗಳು, 4 ಸ್ವರಚಿಹ್ನೆಗಳು. ಕ, ಖ, ಗ, ಙ ಎಂದೇ ಅದರ ವರ್ಣಮಾಲೆಯೂ ಮೊದಲಾಗುತ್ತದೆ. ಮಾತು ಶತಮಾನಗಳಲ್ಲಿ ಬಹಳ ದೂರ ಸರಿದಿದ್ದರೂ ಬರೆಹ ಹಳೆಯದಾಗಿಯೇ ನಿಂತಿದೆ. ಎಂಟು ಎಂಬ ಸಂಖ್ಯೆಯನ್ನು ಬ, ರ, ಗ, ಯ, ದ ಎಂಬ ಐದು ಅಕ್ಷರಗಳನ್ನು ಕೂಡಿಸಿ ಬರೆದು, ಓದುವಾಗ ‘ಗ್ಯೆ’ ಎಂಬಂತೆ ಉಚ್ಚರಿಸುತ್ತಾರೆ. ‘ತಾಶಿ’ ಎಂಬ ಹೆಸರಿನಲ್ಲಿಯೂ ಉಚ್ಚಾರಣೆಗೆ ಬಾರದ ಅಕ್ಷರಗಳುಂಟು. ಇಂಥ ಬರೆಹದಲ್ಲಿ ಪಳಗಿದ ಮಗುವಿಗೆ ಕೆ, ಎನ್, ಐ, ಜಿ, ಎಚ್, ಟಿ ಎಂದು ಬರೆದು ‘ನೈಟ್’ ಎಂದು ಓದಬೇಕೆಂದರೆ ಆಶ್ಚರ್ಯವೇನೂ ಆಗುವುದಿಲ್ಲ. ಬರೆದಂತೆ ಓದುವ, ಓದಿದಂತೆ ಬರೆಯುವ ಕನ್ನಡದಿಂದ ಬಂದ ಮಗುವಿಗೇ ಅದು ಅನ್ಯಾಯವಾಗಿ ತೋರುತ್ತದೆ. ವಲಸೆ ಬಂದವನು ಎಲ್ಲ ವಿಷಯಗಳಲ್ಲಿಯೂ ಹಿಂದುಳಿದಿರುತ್ತಾನೆಂಬ ಎಣಿಕೆಗೆ ಇದು ಒಳ್ಳೆಯ ಪ್ರತ್ಯುತ್ತರ.

ವಾಕ್ಯರಚನೆಯಲ್ಲಿ ಟಿಬೆಟನ್ನೂ ಕನ್ನಡವೂ ಹತ್ತಿರ, ಇಂಗ್ಲಿಷ್ ದೂರ. ಈ ಎರಡು ಭಾಷೆಗಳು ಒಂದೇ ಕುಟುಂಬಕ್ಕೆ ಸೇರಿದವಲ್ಲ. ಆದರೂ ಎರಡರಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯ ಗುರುತು ನಾಮಪದದ ಹಿಂದೆ ಹತ್ತುತ್ತದೆ, ಹಿರಿಯರೊಡನೆ ಆಡುವ ಮಾತು ಬೇರೆಯಾಗುತ್ತದೆ. ಟಿಬೆಟನ್ನಿನಲ್ಲಿ ಗೌರವಕ್ಕೆಂದೇ ನಾಮಪದ ಕ್ರಿಯಾಪದಗಳ ಪ್ರತ್ಯೇಕ ಭಂಡಾರವಿದೆ. ಅಧ್ಯಾಪಕರನ್ನೂ ಸಹಪಾಠಿಯನ್ನೂ ಒಂದೇ ‘ಯೂ’ ಎಂದು ಕರೆಯಬೇಕಾದಲ್ಲಿ ಟಿಬೆಟನ್ ಹುಡುಗನೂ ಕನ್ನಡದ ಹುಡುಗನೂ ಸಮಾನವಾಗಿ ಹಿಂಜರಿಯುತ್ತಾರೆ. ಆ ಹಿಂಜರಿಕೆ ಅಜ್ಞಾನವಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಭೇದವುಂಟು. ಇಂಗ್ಲಿಷಿನಲ್ಲಿ ‘ಅವನು ಮನೆಯಲ್ಲಿದ್ದಾನೆ’ ಎನ್ನಲು ‘ಈಸ್’ ಎಂಬ ಒಂದೇ ಕ್ರಿಯಾಪದ ಸಾಕು. ಟಿಬೆಟನ್ನಿನಲ್ಲಿ ಹೇಳುವವನು ಆ ಸಂಗತಿಯನ್ನು ತಿಳಿದ ಬಗೆಯನ್ನೂ ಕ್ರಿಯಾಪದದಲ್ಲಿಯೇ ತೋರಿಸಬೇಕು. ತನ್ನ ಸ್ವಂತ ವಿಷಯವಾದರೆ ಸುಮಾರಾಗಿ ‘ಯೋ’, ಕಣ್ಣಾರೆ ಕಂಡದ್ದಾದರೆ ‘ದು’, ಸಾಮಾನ್ಯವಾಗಿ ತಿಳಿದ ಸಂಗತಿಯಾದರೆ ‘ಯೋರೆ’. ‘ಇದ್ದಾನೆ’ ಎನ್ನುವುದಕ್ಕೂ ‘ಇದ್ದಾನಂತೆ’ ಎನ್ನುವುದಕ್ಕೂ ಇರುವ ಅಂತರವನ್ನು ಬಲ್ಲ ಕನ್ನಡಿಗನಿಗೆ ಇದು ಬೇಗ ಅರ್ಥವಾದೀತು. ಇಂಗ್ಲಿಷಿಗೆ ಬಂದ ಟಿಬೆಟನ್ ವಿದ್ಯಾರ್ಥಿಗೆ ಈ ಭೇದವನ್ನು ಇಡಲು ಸ್ಥಳವೇ ಸಿಕ್ಕುವುದಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಧಾಟಿಯಲ್ಲಿ ಹೇಳಬೇಕಾಗಿ ಬಂದಾಗ ಅವನು ತಡೆದು ನಿಂತರೆ, ಪದಸಂಪತ್ತು ಸಾಲದೆಂದು ಭಾವಿಸಬಾರದು. ಇದಕ್ಕೆ ಎದುರಾಗಿ ‘ಎ’, ‘ದಿ’ ಎಂಬ ಉಪಪದಗಳು ಅವನಿಗೂ ನಮಗೂ ಕೊನೆಯವರೆಗೆ ಕಾಟಕೊಡತಕ್ಕವು. ಅವನ್ನು ಕುರಿತು ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ.

ಶಾಲೆಯ ಏರ್ಪಾಡು ಹೇಗಿದೆಯೆಂಬುದನ್ನೂ ನೋಡಬೇಕು. ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಭಾರತ ಸರ್ಕಾರವು 1961ರಲ್ಲಿ ಒಂದು ಸ್ವಾಯತ್ತ ಸಂಸ್ಥೆಯನ್ನು ಸ್ಥಾಪಿಸಿತು. ಈಚಿನ ವರ್ಷಗಳಲ್ಲಿ ಇಂಥ ಹಲವು ಶಾಲೆಗಳು ಸಂಭೋಟ ಟಿಬೆಟನ್ ಶಾಲಾ ಸಂಘದ ಆಡಳಿತಕ್ಕೆ ಬಂದಿವೆ. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂಬುದು ವಲಸೆಯಲ್ಲಿರುವ ಟಿಬೆಟನ್ ಆಡಳಿತವು 2004ರಲ್ಲಿ ಅಂಗೀಕರಿಸಿದ ಶಿಕ್ಷಣ ನೀತಿಯ ಮುಖ್ಯ ತತ್ತ್ವ. ದೇಶ ಕಳೆದುಕೊಂಡವರು ಭಾಷೆಯನ್ನೂ ಕಳೆದುಕೊಳ್ಳಬಾರದೆಂಬ ಆತಂಕ ಇದರ ಹಿಂದಿದೆ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೇಲಿನ ತರಗತಿಗಳಿಗೆ ಹೋದಾಗ ಮಾಧ್ಯಮ ಇಂಗ್ಲಿಷಾಗುತ್ತದೆ. ಗಣಿತವನ್ನೂ ವಿಜ್ಞಾನವನ್ನೂ ಒಂದು ಪರಿಭಾಷೆಯಲ್ಲಿ ಕಲಿತ ಮಗು ಅದೇ ವಿಷಯವನ್ನು ಇನ್ನೊಂದರಲ್ಲಿ ಮತ್ತೆ ಕಲಿಯಬೇಕು. ಕನ್ನಡ ಮಾಧ್ಯಮದಿಂದ ಕಾಲೇಜಿಗೆ ಬಂದು ಮೊದಲ ವರ್ಷವೇ ಎಡವುವ ನಮ್ಮ ಗ್ರಾಮಾಂತರದ ವಿದ್ಯಾರ್ಥಿಗೆ ಆಗುವುದೂ ಇದೇ. ದೋಷ ಮಾತೃಭಾಷೆಯಲ್ಲಿ ಕಲಿಸಿದ್ದರಲ್ಲಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆಯಿಲ್ಲದ್ದರಲ್ಲಿದೆ.

ಇಷ್ಟು ಕಷ್ಟಪಟ್ಟು ಇಂಗ್ಲಿಷ್ ಏಕೆ ಬೇಕೆಂದು ಕೇಳಬಹುದು. ಒಡೆಯರಪಾಳ್ಯದಂಥ ವಸತಿಗಳ ತರುಣರಲ್ಲಿ ಬಹುಮಂದಿ ಈಗ ಹೊಲದಲ್ಲಿ ನಿಲ್ಲುತ್ತಿಲ್ಲ. ನಗರಗಳಿಗೆ ಹೋಗುತ್ತಾರೆ, ಅಲ್ಲಿಂದ ಸಮುದ್ರ ದಾಟುತ್ತಾರೆ. ಅಮೆರಿಕದ 1990ರ ವಲಸೆ ಕಾಯಿದೆಯು ಭಾರತ ನೇಪಾಳಗಳಲ್ಲಿದ್ದ 1000 ಟಿಬೆಟನ್ನರಿಗೆ ಪ್ರವೇಶ ಕೊಟ್ಟಿತು. ಅವರ ಹಿಂದೆ ಕುಟುಂಬಗಳು ಹೋದುವು. ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್, ಟೊರಾಂಟೊ ನಗರದ ಪಾರ್ಕ್‌ಡೇಲ್ ಇವು ಇಂದು ಟಿಬೆಟನ್ನರ ದೊಡ್ಡ ನೆಲೆಗಳು. ಹೀಗೆ ಒಂದೇ ಕುಟುಂಬ ಎರಡು ಸಲ ವಲಸೆ ಹೋದಂತಾಯಿತು. ಎರಡನೆಯ ವಲಸೆಯಲ್ಲಿ ಇಂಗ್ಲಿಷ್ ಮೊದಲ ಸಲ ನೆರೆಯವನ ಭಾಷೆಯಾಗಿ ಎದುರು ನಿಲ್ಲುತ್ತದೆ.

ಆಗ ಹೆಚ್ಚು ತೊಂದರೆಪಡುವವರು ಮಕ್ಕಳನ್ನು ಹಿಂಬಾಲಿಸಿ ಹೋದ ತಾಯಿತಂದೆಗಳು. ಕೆನಡಾದಲ್ಲಿ ಪೌರತ್ವ ಬೇಡುವ 18ರಿಂದ 54 ವರ್ಷದವರು ಇಂಗ್ಲಿಷ್ ಅಥವಾ ಫ್ರೆಂಚನ್ನು ಆಡಿ ಕೇಳಿ ತಿಳಿಯುವ ಶಕ್ತಿಯನ್ನು ಒಂದು ಗೊತ್ತಾದ ಮಟ್ಟಕ್ಕೆ ತೋರಿಸಬೇಕು. ಓದುಬರೆಹವನ್ನು ಅಲ್ಲಿ ಕೇಳುವುದಿಲ್ಲ. ಅಮೆರಿಕದಲ್ಲಿ ಓದುಬರೆಹವನ್ನೂ ಪರೀಕ್ಷಿಸುತ್ತಾರೆ. 50 ವರ್ಷ ದಾಟಿ, ಕಾಯಂ ನಿವಾಸಿಯಾಗಿ 20 ವರ್ಷ ಕಳೆದವರಿಗೆ ಇಂಗ್ಲಿಷಿನಿಂದ ವಿನಾಯಿತಿಯುಂಟು. ಸ್ವಂತ ಭಾಷೆಯಲ್ಲಿಯೇ ಅಕ್ಷರ ಕಲಿಯದಿದ್ದ ತಾಯಿಯನ್ನು ತರಗತಿಯಲ್ಲಿ ಕೂರಿಸಿ ಮೊದಲ ದಿನವೇ ಪೆನ್ಸಿಲು ಕೊಟ್ಟರೆ, ಅವಳು ಕಲಿಯಬೇಕಾದ್ದು ಎರಡಾಗುತ್ತದೆ: ಅಕ್ಷರವೆಂಬುದೊಂದು, ಇಂಗ್ಲಿಷ್ ಎಂಬುದಿನ್ನೊಂದು. ಹನೂರಿನ ಅಂಗಡಿಯಲ್ಲಿ ಬೆಲೆ ಕೇಳಿ, ಚೌಕಾಶಿ ಮಾಡಿ, ಸರಿಯಾದ ಚಿಲ್ಲರೆ ಎಣಿಸಿಕೊಂಡು ಕನ್ನಡ ಕಲಿತವಳು ಆಕೆ. ಅದೇ ಕ್ರಮದಲ್ಲಿ, ಮೊದಲು ಆಡಿಸಿ ಕೇಳಿಸಿ, ಅನಂತರ ಬರೆಸಿದರೆ ಅರ್ಧ ಭಾರ ಇಳಿಯುತ್ತದೆ.

ಕೊಳ್ಳೇಗಾಲ ಹನೂರುಗಳ ಕಡೆ ಇಂಗ್ಲಿಷ್ ಬೋಧಿಸುವ ಅಧ್ಯಾಪಕರಿಗೆ ಇದರಿಂದ ಒದಗುವ ಕೆಲಸವೂ ಉಂಟು. ಟಿಬೆಟನ್ ವಿದ್ಯಾರ್ಥಿಯೂ ಕನ್ನಡದ ವಿದ್ಯಾರ್ಥಿಯೂ ಒಂದೇ ಬೆಂಚಿನಲ್ಲಿ ಕುಳಿತಿದ್ದರೆ ಪದಾಂತ್ಯದ ವ್ಯಂಜನಗಳಿಗೆ ಇಬ್ಬರಿಗೂ ಬೇರೆಬೇರೆ ಅಭ್ಯಾಸ ಕೊಡಬೇಕು: ಒಬ್ಬನಿಗೆ ಉಳಿಸಿಕೊಳ್ಳುವ ಅಭ್ಯಾಸ, ಇನ್ನೊಬ್ಬನಿಗೆ ಉಕಾರವನ್ನು ಬಿಡುವ ಅಭ್ಯಾಸ. ಕಾಗುಣಿತದ ಪಾಠದಲ್ಲಿ ಟಿಬೆಟನ್ ಹುಡುಗ ತನ್ನ ಭಾಷೆಯ ‘ಎಂಟು’ ಎಂಬುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಲಿ. ಉಚ್ಚಾರಣೆಗೆ ಬಾರದ ಅಕ್ಷರವೆಂದರೇನೆಂಬುದು ರಾಮಾಪುರದ ಹುಡುಗನಿಗೆ ಅಧ್ಯಾಪಕನ ವಿವರಣೆಗಿಂತ ಬೇಗ ತಿಳಿಯುತ್ತದೆ. ತರಗತಿಯಲ್ಲಿ ಇಬ್ಬರಿಗೂ ಸಾಮಾನ್ಯವಾದ ಭಾಷೆ ಕನ್ನಡವೇ ಆದ್ದರಿಂದ ವಾಕ್ಯರಚನೆಯನ್ನು ಅದರ ಮೂಲಕ ವಿವರಿಸುವುದಕ್ಕೆ ಅಡ್ಡಿಯಿಲ್ಲ; ಕ್ರಿಯಾಪದವನ್ನು ಕೊನೆಯಿಂದ ನಡುವಿಗೆ ತರಬೇಕೆಂಬ ಒಂದೇ ಸೂಚನೆ ಇಬ್ಬರಿಗೂ ಸಲ್ಲುತ್ತದೆ.