ಗುಡ್ಡದ ಈಟಿ ಹುಲ್ಲು: ಊಬು ಬರುವ ಮೊದಲು ಮೇವು, ಬಂದ ಮೇಲೆ ಮುಳ್ಳು

ಗುಡ್ಡದ ಓರೆಯಲ್ಲಿ ಒಂದೆರಡು ಎಕರೆ ಗರಸು ನೆಲ ಇರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: "ಅಲ್ಲಿ ಬರೀ ಬಟ್ಟೆಗೆ ಚುಚ್ಚೋ ಹುಲ್ಲು ತುಂಬಿದೆ. ಜೆಸಿಬಿಯಿಂದ ಕಿತ್ತುಹಾಕಿ ನೇಪಿಯರ್ ಹಾಕಿದ್ರೆ ಹೇಗೆ?" ನನ್ನ ಉತ್ತರ, ಬೇಡ. ಯಾಕೆ ಅಂತ ತಿಳಿಯೋಕೆ ಆ ಹುಲ್ಲನ್ನ ಸ್ವಲ್ಪ ಹತ್ತಿರದಿಂದ ನೋಡಬೇಕು.

ಇದರ ಸಸ್ಯಶಾಸ್ತ್ರೀಯ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ಇಂಗ್ಲಿಷಿನಲ್ಲಿ ಸ್ಪಿಯರ್ ಗ್ರಾಸ್. ನಮ್ಮಲ್ಲಿ ಊರೂರಿಗೆ ಹೆಸರು ಬೇರೆ, ಹಾಗಾಗಿ ಇಲ್ಲಿ ಈಟಿ ಹುಲ್ಲು ಅಂತಲೇ ಕರೀತೀನಿ. ಜೋಳ, ಕಬ್ಬು, ಮೆಕ್ಕೆಜೋಳ ಇರುವ ಗುಂಪಿಗೇ ಸೇರಿದ್ದು. ಅವುಗಳ ಹಾಗೆ ಬಿಸಿಲು ಹೆಚ್ಚಿದ್ದಾಗ ಕಡಿಮೆ ನೀರಲ್ಲಿ ಜಾಸ್ತಿ ಬೆಳೆಯುವ ಶಕ್ತಿ ಇದಕ್ಕೂ ಇದೆ. ಆದರೆ ಇದು ಬಹುವಾರ್ಷಿಕ. ಒಂದು ಬುಡ ಕೂತರೆ ವರ್ಷಾನುವರ್ಷ ಅದೇ ಬುಡದಿಂದ ತೆಂಡೆ ಒಡೆಯುತ್ತೆ.

ಗುರುತಿಸೋದು ಸುಲಭ. ಬುಡದ ಹತ್ತಿರ ಎಲೆಗಳು ಒಂದರೊಳಗೊಂದು ಕೂತು, ಅದುಮಿದ ಹಾಗೆ ಚಪ್ಪಟೆಯಾಗಿ, ಬೀಸಣಿಗೆ ಥರ ಕಾಣುತ್ತವೆ. ಎತ್ತರ ಮೊಣಕಾಲಿನಿಂದ ಸೊಂಟದವರೆಗೆ. ತೆನೆ ಬಲಿತಾಗಲಂತೂ ಗೊಂದಲವೇ ಇಲ್ಲ: ಕಂದು ಬಣ್ಣದ ಉದ್ದುದ್ದ ಊಬುಗಳು ತುದಿಯಲ್ಲಿ ಒಂದಕ್ಕೊಂದು ಹೊಸೆದುಕೊಂಡು ಜಡೆ ಹಾಕಿದಂತಿರುತ್ತವೆ. ಕಂಟಾರ್ಟಸ್ ಅಂದರೆ ಲ್ಯಾಟಿನ್‌ನಲ್ಲಿ ತಿರುಚಿಕೊಂಡದ್ದು ಅಂತ ಅರ್ಥ.

ಒಂದು ತೆನೆ ಕಿತ್ತು ಬಿಡಿಸಿ ನೋಡಿ. ಹೂಗಳು ಜೋಡಿ ಜೋಡಿಯಾಗಿರುತ್ತವೆ. ಕೆಳಗಿನ ಕೆಲವು ಜೋಡಿಗಳಿಗೆ ಊಬೇ ಇಲ್ಲ, ಅವು ಗಂಡು ಇಲ್ಲವೇ ಬರಡು. ಮೇಲಿನ ಜೋಡಿಗಳಲ್ಲಿ ತೊಟ್ಟಿಲ್ಲದೆ ಅಂಟಿಕೊಂಡಿರುವುದು ಹೆಣ್ಣು. ಕಾಳು ಕಟ್ಟೋದು ಅದೇ, ಊಬು ಇರೋದೂ ಅದಕ್ಕೇ. ಊಬಿನ ಉದ್ದ 5ರಿಂದ 10 ಸೆಂಟಿಮೀಟರ್, ಕಾಳಿನ ಗಾತ್ರಕ್ಕೆ ಹೋಲಿಸಿದರೆ ಅತಿಯಾಯ್ತು ಅನ್ನಿಸುತ್ತೆ. ಕಾಳಿನ ಕೆಳತುದಿ ಸೂಜಿಯಂತೆ ಚೂಪು, ಅದರ ಸುತ್ತ ಹಿಂದಕ್ಕೆ ಬಾಗಿದ ಒರಟು ರೋಮ.

ಈ ಊಬು ಒಂದು ಯಂತ್ರ. ಅದರ ಕೆಳಭಾಗ ಹಗ್ಗದಂತೆ ತಿರುಚಿಕೊಂಡಿರುತ್ತೆ. ತೇವ ತಾಗಿದರೆ ತಿರುಚು ಬಿಚ್ಚುತ್ತೆ, ಒಣಗಿದರೆ ಮತ್ತೆ ಬಿಗಿಯುತ್ತೆ. ಬಲಿತ ಕಾಳೊಂದನ್ನ ಒದ್ದೆ ಬಟ್ಟೆ ಮೇಲಿಟ್ಟರೆ ಜೀವ ಬಂದ ಹುಳದಂತೆ ತಿರುಗುತ್ತೆ, ಮಕ್ಕಳಿಗೆ ತೋರಿಸೋಕೆ ಚೆನ್ನಾಗಿರುತ್ತೆ. ಗುಡ್ಡದ ಮೇಲೆ ಇದೇ ಕೆಲಸ ಇಬ್ಬನಿ ಬಿಸಿಲುಗಳ ಜೊತೆ ನಡೆಯುತ್ತೆ. ರಾತ್ರಿ ಬಿಚ್ಚುತ್ತೆ, ಹಗಲು ಬಿಗಿಯುತ್ತೆ, ಕಾಳು ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಕೊರೆದುಕೊಂಡು ಇಳಿಯುತ್ತೆ. ಹಿಂದಕ್ಕೆ ಬಾಗಿದ ರೋಮಗಳಿಂದಾಗಿ ವಾಪಸ್ ಬರೋಕಾಗಲ್ಲ. ಇಳಿಜಾರಿನ ಗಟ್ಟಿ ನೆಲದಲ್ಲಿ ಮಳೆಗೆ ಕೊಚ್ಚಿಹೋಗದೆ ಬೀಜ ಉಳಿಯೋದು ಹೀಗೆ. ಬಿದ್ದ ಕೂಡಲೇ ಮೊಳೆಯೋದೂ ಇಲ್ಲ, ಕೆಲವು ತಿಂಗಳು ಮಲಗಿರುತ್ತೆ. ಇನ್ನೊಂದು ವಿಚಿತ್ರ, ಈ ಹುಲ್ಲು ಹೆಚ್ಚಿನ ಮಟ್ಟಿಗೆ ಗಂಡು ಹೆಣ್ಣು ಕೂಡದೆಯೇ ಬೀಜ ಕಟ್ಟುತ್ತೆ, ಅಂದರೆ ಮರಿಗಳು ತಾಯಿಯ ನಕಲು.

ಮಣ್ಣಿಗೆ ಇಳಿಯೋ ಯಂತ್ರಕ್ಕೆ ಕುರಿ ಯಾವುದು ನೆಲ ಯಾವುದು ಅಂತ ಗೊತ್ತಾಗಲ್ಲ. ಉಣ್ಣೆಗೆ ಸಿಕ್ಕಿಕೊಂಡ ಕಾಳು ಅದೇ ರೀತಿ ಕೊರೆದು ಚರ್ಮ ದಾಟುತ್ತೆ. ಗಾಯ ಆಗಿ ಕೀವು ತುಂಬುತ್ತೆ, ಮರಿಗಳ ಕಣ್ಣಿಗೂ ಬಾಯಿಗೂ ಅಪಾಯ. ಚರ್ಮದ ಬೆಲೆಯೂ ಹೋಯ್ತು. ಹಾಗಾಗಿ ಊಬು ಬಲಿತು ಉದುರುವ ತನಕ ಆ ಓರೆಗೆ ಕುರಿ ಬಿಡಬೇಡಿ. ತಡವಾಗಿ ಕೊಯ್ದು ಬಣವೆ ಒಟ್ಟಿದರೂ ಅಷ್ಟೇ, ಊಬು ಮೇವಿನ ಜೊತೆ ದನದ ಬಾಯಿಗೆ ಹೋಗುತ್ತೆ.

ಇಷ್ಟೆಲ್ಲ ತೊಂದರೆ ಇದ್ದರೆ ಕಿತ್ತೇ ಹಾಕಬಹುದಲ್ಲ? ತೊಂದರೆ ಇರೋದು ವರ್ಷದ ಎರಡು ಮೂರು ತಿಂಗಳು ಮಾತ್ರ. ಆರಿದ್ರಾ ಮಳೆಗೆ ಚಿಗುರಿ, ಹೊಡೆ ಬರುವ ತನಕ ಇದು ದನಕರು ಇಷ್ಟಪಟ್ಟು ತಿನ್ನುವ ಹುಲ್ಲು. ಬಯಲುಸೀಮೆಯ ಗುಡ್ಡಗಳಲ್ಲಿ ಇದು ಸಾಮಾನ್ಯವಾಗಿ ಹೂ ಬಿಡೋಕೆ ಶುರು ಮಾಡೋದು ಉತ್ತರೆ, ಹಸ್ತಾ ಮಳೆಗಳ ಆಸುಪಾಸು. ಆದರೆ ಪಂಚಾಂಗ ನಂಬಿ ಕೂರಬೇಡಿ, ಗಿಡ ನೋಡಿ. ಹತ್ತರಲ್ಲಿ ಒಂದೆರಡು ದಂಟಿಗೆ ಹೊಡೆ ಉಬ್ಬಿದೆ ಅಂದರೆ ಕುಡುಗೋಲು ಹಿಡಿಯೋ ಹೊತ್ತು. ಎರಡು ವಾರ ತಡವಾದರೆ ಮೇವು ಕೈತಪ್ಪಿತು.

ಎಷ್ಟು ಎತ್ತರಕ್ಕೆ ಕೊಯ್ಯಬೇಕು ಅನ್ನೋದರಲ್ಲೇ ಬಹಳ ಜನ ಎಡವೋದು. ಎಳೆಯ ತೆಂಡೆಯಲ್ಲಿ ಬೆಳೆಯುವ ಸುಳಿ ನೆಲಮಟ್ಟದಲ್ಲೇ ಇರುತ್ತೆ, ಎಲೆ ಕತ್ತರಿಸಿದರೂ ಅದು ಸುರಕ್ಷಿತ. ಹೊಡೆ ಬರುವಾಗ ಸುಳಿ ದಂಟಿನ ಜೊತೆ ಮೇಲೆ ಬರುತ್ತೆ. ಆಗ ಕೊಯ್ದರೆ ಆ ತೆಂಡೆಯ ಕಥೆ ಮುಗೀತು, ಮುಂದಿನ ಚಿಗುರು ಬುಡದ ಮೊಗ್ಗಿನಿಂದಲೇ ಬರಬೇಕು. ಆ ಚಿಗುರಿಗೆ ಬೇಕಾದ ಸಕ್ಕರೆ, ಪಿಷ್ಟ ಇರೋದು ದಂಟಿನ ಬುಡದಲ್ಲಿ ಮತ್ತು ಬೇರಿನಲ್ಲಿ. ನೆಲಕ್ಕೆ ಒತ್ತಿ ಕೊಯ್ದರೆ ಗಿಡದ ಗಂಟನ್ನೇ ಎತ್ತಿಕೊಂಡು ಹೋದಂತೆ. ನಾಲ್ಕು ಬೆರಳು ಬುಡ ಬಿಡಿ, ಐದಾದರೂ ಸರಿ. ಮಳೆಗಾಲ ಪೂರ್ತಿ ಕುರಿ ಬಿಟ್ಟು ನುಣ್ಣಗೆ ಮೇಯಿಸಿದರೂ ಬುಡ ಹೀಗೇ ಸೊರಗುತ್ತೆ.

ದಖ್ಖನ್ನಿನ ಹುಲ್ಲುಗಾವಲುಗಳಲ್ಲಿ ಮೇವು ಅತಿಯಾದಾಗ ಮೊದಲು ಹೋಗೋದು ಸೆಹಿಮಾದಂಥ ಮೃದು ಹುಲ್ಲುಗಳು. ಅವುಗಳ ಜಾಗಕ್ಕೆ ಈಟಿ ಹುಲ್ಲು ಬರುತ್ತೆ. ಅದನ್ನೂ ಸವೆಸಿದರೆ ಉಳಿಯೋದು ವರ್ಷಕ್ಕೊಮ್ಮೆ ಹುಟ್ಟಿ ಸಾಯುವ, ಮೇವಿಗೆ ಬಾರದ ಅರಿಸ್ಟಿಡಾ ಜಾತಿಗಳು, ಆಮೇಲೆ ಬರೀ ಗರಸು. ಅಂದರೆ ನಿಮ್ಮ ಗುಡ್ಡದಲ್ಲಿ ಈಟಿ ಹುಲ್ಲೇ ತುಂಬಿದ್ದರೆ, ಗುಡ್ಡ ಅರ್ಧ ಮೆಟ್ಟಿಲು ಇಳಿದಿದೆ ಅಂತ ಲೆಕ್ಕ. ಇನ್ನೂ ಹತ್ತಿಸಬಹುದು. ಆ ಬುಡಗಳನ್ನೂ ಜೆಸಿಬಿಯಿಂದ ಕಿತ್ತರೆ ಮೊದಲ ದೊಡ್ಡ ಮಳೆಗೆ ಇರುವ ಅಂಗೈಯಗಲ ಮಣ್ಣು ಕೆರೆ ಸೇರುತ್ತೆ. ನೇಪಿಯರ್‌ಗೆ ಆಳದ ಮಣ್ಣು, ನೀರು ಎರಡೂ ಬೇಕು. ಅದನ್ನ ಕೆಳಗೆ ಕೃಷಿಹೊಂಡದ ಪಕ್ಕ ಹಾಕಿ.

ಬೇಸಿಗೆಯಲ್ಲಿ ಬೆಂಕಿ ಹಾಕಿದರೆ ಚೆನ್ನಾಗಿ ಚಿಗುರುತ್ತೆ ಅನ್ನೋ ಮಾತಿದೆ. ಸುಳ್ಳಲ್ಲ. ಮೊಗ್ಗು ನೆಲಮಟ್ಟದಲ್ಲಿ, ಬೀಜ ಮಣ್ಣಿನೊಳಗೆ ಇರೋದರಿಂದ ಈ ಹುಲ್ಲು ಬೆಂಕಿಯನ್ನ ತಡಕೊಳ್ಳುತ್ತೆ. ಜೊತೆಗಿರುವ ಗಿಡದ ಸಸಿಗಳು ತಡಕೊಳ್ಳಲ್ಲ. ಹಾಗಾಗಿ ಪ್ರತಿವರ್ಷ ಸುಟ್ಟರೆ ಈಟಿ ಹುಲ್ಲು ಕಡಿಮೆಯಾಗಲ್ಲ, ಜಾಸ್ತಿಯಾಗುತ್ತೆ.

ಇನ್ನು ಒಣ ಹುಲ್ಲಿನ ವಿಚಾರ. ಬಲಿತ ಮೇಲೆ ಇದರಲ್ಲಿ ಪ್ರೊಟೀನ್ ತೀರಾ ಕಡಿಮೆ. ಮೇವಿನ ಕಚ್ಚಾ ಪ್ರೊಟೀನ್ ಸುಮಾರು ಶೇ 7ಕ್ಕಿಂತ ಇಳಿದರೆ ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತೆ, ದನ ತಿನ್ನೋದೇ ಕಡಿಮೆ ಮಾಡುತ್ತೆ. ಹುರುಳಿ ಹೊಟ್ಟು, ಶೇಂಗಾ ಹಿಂಡಿ ಏನಾದರೂ ಜೊತೆಗೆ ಕೊಡಲೇಬೇಕು. ಗುಡ್ಡದಲ್ಲೇ ಪರಿಹಾರ ಬೇಕಿದ್ದರೆ ಸ್ಟೈಲೊ ಹಮಾಟ ಅನ್ನೋ ದ್ವಿದಳ ಮೇವನ್ನ ಹುಲ್ಲಿನ ನಡುವೆ ಚೆಲ್ಲಬಹುದು, ಉಳುಮೆ ಬೇಕಿಲ್ಲ. ಅದರ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಲ್ಲಿ ನಾಲ್ಕು ನಿಮಿಷ ಅದ್ದಿ, ನೆರಳಲ್ಲಿ ಆರಿಸಿ, ಮುಂಗಾರಿನ ಮೊದಲ ಹದ ಮಳೆಗೆ ಬುಡಗಳ ನಡುವಿನ ಖಾಲಿ ಜಾಗದಲ್ಲಿ ಚೆಲ್ಲಿ. ಮೊದಲ ವರ್ಷ ಅಲ್ಲಿಗೆ ಕುರಿ, ಮೇಕೆ ಬಿಡಬೇಡಿ. ಬೀಜದ ಬಗ್ಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ.