ಅಮ್ಮನ ಪತ್ರ, ಮಗನ ಮತ

ಪ್ರಶ್ನೆ: ಮತದಾನದ ಬಗ್ಗೆ ನಮಗಿರುವ ನಿಲುವು ಅಪ್ಪ-ಅಮ್ಮನಿಂದಲೇ ಬರುತ್ತದೆಯೇ?

ಉತ್ತರ: ತಕ್ಕಮಟ್ಟಿಗೆ ಹೌದು. ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ ಎಂಬ ವಿದ್ವಾಂಸರು 1965ರಲ್ಲಿ ಅಮೆರಿಕದ ಪ್ರೌಢಶಾಲೆಯ ಕೊನೆಯ ವರ್ಷದ ಮಕ್ಕಳನ್ನೂ ಅವರ ಹೆತ್ತವರನ್ನೂ ಮಾತನಾಡಿಸಿದರು. ಪಕ್ಷದ ಒಲವು ಮನೆಯಿಂದ ಚೆನ್ನಾಗಿಯೇ ಇಳಿದು ಬಂದಿತ್ತು. ಒಂದೊಂದು ವಿಷಯದ ಮೇಲಿನ ಅಭಿಪ್ರಾಯ ಅಷ್ಟಾಗಿ ಬಂದಿರಲಿಲ್ಲ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಫೆಬ್ ಬರ್ನ್. ಟೆನೆಸಿ ರಾಜ್ಯದ ನಯೋಟ ಎಂಬ ಊರಿನ ಈ ವಿಧವೆ ಹೊಲಮನೆ ನೋಡಿಕೊಳ್ಳುತ್ತಿದ್ದರು, ಪತ್ರಿಕೆಗಳನ್ನು ಆಸಕ್ತಿಯಿಂದ ಓದುತ್ತಿದ್ದರು. ಅಕ್ಷರ ಬಾರದ ಆಳುಗಳಿಗೆ ಮತವಿತ್ತು, ಒಡತಿಗೆ ಇರಲಿಲ್ಲ. ಮಹಿಳೆಯರಿಗೆ ಮತದ ಹಕ್ಕು ಕೊಡುವ, ಅಮೆರಿಕದ ಸಂವಿಧಾನದ 19ನೇ ತಿದ್ದುಪಡಿ 1920ರ ಆಗಸ್ಟ್‌ನಲ್ಲಿ ಆ ರಾಜ್ಯದ ಶಾಸನಸಭೆಗೆ ಬಂತು. ಅಲ್ಲಿ ಶಾಸಕನಾಗಿದ್ದ 24 ವರ್ಷದ ಮಗ ಹ್ಯಾರಿಗೆ ಅವರು ಉದ್ದನೆಯ ಪತ್ರ ಬರೆದರು. ಮನೆಯ ಸುದ್ದಿಗಳ ನಡುವೆ, ತಿದ್ದುಪಡಿಯ ಪರ ನಿಲ್ಲು ಎಂಬ ಮಾತೂ ಇತ್ತು.

ಹ್ಯಾರಿ ವಿರೋಧಿಗಳ ಗುರುತಾದ ಕೆಂಪು ಗುಲಾಬಿ ಧರಿಸಿದ್ದ. ಆಗಸ್ಟ್ 18ರಂದು, ಪ್ರಸ್ತಾಪವನ್ನು ಬದಿಗಿಡಬೇಕೆಂಬವರ ಜೊತೆಗೇ ಮೊದಲು ಮತ ಹಾಕಿದ. ಎಣಿಸಿದರೆ 48–48, ಸಮಸಮ. ಅಂತಿಮ ಮತದಲ್ಲಿ ಮಾತ್ರ ಅವನು ‘ಹೌದು’ ಎಂದ. ತಿದ್ದುಪಡಿ ಜಾರಿಗೆ 36 ರಾಜ್ಯಗಳ ಒಪ್ಪಿಗೆ ಬೇಕಿತ್ತು; 36ನೆಯದು ಟೆನೆಸಿಯೇ!

ಅಮ್ಮನ ಮಾತಿಗಾಗಿ ಹೀಗೆ ಮಾಡಿದೆ, ಆ ಹಕ್ಕು ನ್ಯಾಯವೆಂದು ತಾನೂ ನಂಬಿದ್ದೆ ಎಂದು ಹ್ಯಾರಿ ಆಮೇಲೆ ಸದನಕ್ಕೆ ವಿವರಿಸಿದ. ಎರಡನೆಯ ಕಾರಣವನ್ನು ಜನ ಮರೆಯುತ್ತಾರೆ. ನನಗೆ ಅದೂ ಅಷ್ಟೇ ದೊಡ್ಡದು. ಅದೇ ವರ್ಷದ ಚುನಾವಣೆಯಲ್ಲಿ ಅವನು ಮತ್ತೆ ಗೆದ್ದ.