ಹಾದುಹೋಗುವ ಊರು, ತಂಗುವ ಊರು

ಮೈಸೂರು ಕಡೆಯಿಂದ ಊಟಿಗೋ ವಯನಾಡಿಗೋ ಹೋದವರು ಗುಂಡ್ಲುಪೇಟೆಯನ್ನು ನೋಡದೇ ಇರಲು ಸಾಧ್ಯವಿಲ್ಲ. ಆದರೆ ಅಲ್ಲಿ ಒಂದು ರಾತ್ರಿ ತಂಗಿದವರು ಸಿಗುವುದು ಅಪರೂಪ. ಹೆದ್ದಾರಿ ಅಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರ ದಾಟಿ ನೀಲಗಿರಿಗೆ ಏರಿದರೆ, ಇನ್ನೊಂದು ವಯನಾಡಿನ ಮೂಲಕ ಕೋಯಿಕ್ಕೋಡಿಗೆ ಇಳಿಯುತ್ತದೆ. ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವು ಬಸ್ಸು ಮತ್ತು ತುರ್ತು ವಾಹನಗಳನ್ನು ಬಿಟ್ಟು, ಸಂಚಾರ ನಿರ್ಬಂಧವಿದೆ. ಹೀಗಾಗಿ ಸಂಜೆಯಾಗುತ್ತಿದ್ದಂತೆ ಪ್ರವಾಸಿಗರ ಕಣ್ಣೆಲ್ಲ ಗಡಿಯಾರದ ಮೇಲೆ. ಒಂದು ಲೋಟ ಕಾಫಿ, ಒಂದು ಟ್ಯಾಂಕ್ ಪೆಟ್ರೋಲು. ಊರಿಗೆ ದಕ್ಕುವುದು ಅಷ್ಟೇ.

ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಚಾಮರಾಜನಗರದ್ದು ಇದಕ್ಕೆ ವಿರುದ್ಧವಾದ ಕಷ್ಟ. ಮೈಸೂರಿನಿಂದ ಬರುವ ರೈಲು ಮಾರ್ಗ ಇಲ್ಲಿಗೇ ಕೊನೆ, ಮುಂದಕ್ಕೆ ಹಳಿಯಿಲ್ಲ. ಸಾಲದೆಂಬಂತೆ, ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತೊಂದು ದಶಕಗಳ ಕಾಲ ಅಂಟಿಕೊಂಡಿತ್ತು. ಎಂಬತ್ತರ ದಶಕದಲ್ಲಿ ಒಬ್ಬರಾದ ಮೇಲೊಬ್ಬರು ಕುರ್ಚಿ ಬಿಟ್ಟಿದ್ದನ್ನು ಊರಿನ ತಲೆಗೆ ಕಟ್ಟಲಾಯಿತು. ಬಳಿಕ ಬಂದ ಹಲವರು ಈ ಕಡೆ ತಲೆಹಾಕಲಿಲ್ಲ. 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಇಲ್ಲಿಗೆ ಹಲವು ಬಾರಿ ಬಂದೂ ಐದು ವರ್ಷ ಪೂರೈಸಿದರು. ಮಾತು ಸುಳ್ಳಾಯಿತು, ಆದರೆ ಊರಿನ ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಇಂದಿಗೂ ಅದೇ. ನಾಡಿನ ಮೊದಲ ಪ್ರಜೆಗಳೇ ಬರಲು ಹಿಂಜರಿದ ಊರಿಗೆ ಸಾಮಾನ್ಯ ಪ್ರವಾಸಿ ಏಕೆ ಬಂದಾನು?

ಒಂದು ಊರು ಹೊರಗಿನವರನ್ನು ಹೇಗೆ ಸೆಳೆಯುತ್ತದೆ ಎಂಬ ಪ್ರಶ್ನೆಯನ್ನು ನಾನು ಸರ್ಕಾರಿ ಸೇವೆಯಲ್ಲಿದ್ದಾಗ ಕಡತಗಳಲ್ಲಿ ನೋಡಿದ್ದೆ. ನಿವೃತ್ತಿಯ ನಂತರ ಜರ್ಮನಿಯ ಊರುಗಳ ಬೀದಿಗಳಲ್ಲಿ ನೋಡಿದೆ. ಜರ್ಮನಿಗೆ ಹೋಗುವವರು ಕೇವಲ ಬರ್ಲಿನ್, ಮ್ಯೂನಿಕ್ ನೋಡಿ ಹಿಂದಿರುಗುವುದಿಲ್ಲ. ತೌಬರ್ ನದಿಯ ಮೇಲಿನ ರೋಥೆನ್‌ಬುರ್ಗ್ ಎಂಬ ಕೋಟೆಯೂರಿಗೆ ಜಗತ್ತಿನ ನಾನಾ ಕಡೆಯಿಂದ ಜನ ಬರುತ್ತಾರೆ. ಅದರ ಜನಸಂಖ್ಯೆ ಸುಮಾರು 11 ಸಾವಿರ. 2011ರ ಜನಗಣತಿಯ ಪ್ರಕಾರ ಗುಂಡ್ಲುಪೇಟೆಯದು 28 ಸಾವಿರದಷ್ಟು, ಚಾಮರಾಜನಗರದ್ದು 70 ಸಾವಿರದ ಸಮೀಪ. ಅಂದರೆ ಊರು ಚಿಕ್ಕದು ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಅದೃಷ್ಟದ ನೆಪವೂ ನಿಲ್ಲುವುದಿಲ್ಲ. 1945ರ ಮಾರ್ಚ್ ಕೊನೆಯಲ್ಲಿ ರೋಥೆನ್‌ಬುರ್ಗಿನ ಮೇಲೆ ಬಾಂಬುಗಳು ಬಿದ್ದು, ಹಳೆಯ ಊರಿನ ದೊಡ್ಡ ಭಾಗವೇ ನಾಶವಾಯಿತು. ಕೋಟೆಯ ಗೋಡೆಯನ್ನು ಮತ್ತೆ ಕಟ್ಟಲು ದೇಶವಿದೇಶದವರು ಹಣ ಕೊಟ್ಟರು. ಹಾಗೆ ಕೊಟ್ಟವರ ಹೆಸರಿನ ಕಲ್ಲುಗಳನ್ನು ಗೋಡೆಯುದ್ದಕ್ಕೂ ಇಂದಿಗೂ ಓದಬಹುದು. 1950ರಲ್ಲಿ ವುರ್ತ್ಸ್‌ಬುರ್ಗಿನಿಂದ ಆಲ್ಪ್ಸ್ ತಪ್ಪಲಿನ ಫ್ಯೂಸೆನ್‌ವರೆಗಿನ ಊರುಗಳನ್ನು ಪೋಣಿಸಿ 'ರೊಮ್ಯಾಂಟಿಕ್ ರಸ್ತೆ' ಎಂಬ ಪ್ರವಾಸಿ ಮಾರ್ಗವನ್ನು ರೂಪಿಸಿದರು. ರಸ್ತೆಗಳು ಮೊದಲೇ ಇದ್ದವು. ಹೊಸದಾಗಿ ಸೇರಿದ್ದು ಒಂದು ಹೆಸರು, ದಾರಿ ತೋರುವ ಫಲಕಗಳು, ಮತ್ತು ನೆರೆಯೂರಿಗೆ ಬಂದ ಅತಿಥಿ ನಮಗೂ ಅತಿಥಿಯೇ ಎಂಬ ಒಪ್ಪಂದ. ನಮ್ಮ ಹೆದ್ದಾರಿ ಪ್ರವಾಸಿಯನ್ನು ಊರಿನಿಂದ ಆಚೆಗೆ ಸಾಗಿಸುತ್ತದೆ. ಅವರ ರಸ್ತೆ ಊರಿನೊಳಕ್ಕೆ ಕರೆತರುತ್ತದೆ.

ಈ ಊರುಗಳ ಆಕರ್ಷಣೆಯ ಮೂಲ ಸ್ಥಳೀಯರ ಬದುಕಿನಲ್ಲಿದೆ. ಮ್ಯೂನಿಕ್ ನಗರ 1972ರ ಒಲಿಂಪಿಕ್ಸ್ ಹೊತ್ತಿಗೆ ತನ್ನ ನಡುಪೇಟೆಯ ಬೀದಿಗಳಿಂದ ವಾಹನಗಳನ್ನು ಹೊರಗಿಟ್ಟು ಅವನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತು. ಕ್ರೀಡಾಕೂಟ ಮುಗಿದು ಐದು ದಶಕಗಳಾಗಿವೆ. ಆ ಬೀದಿಯಲ್ಲಿ ಊರಿನ ಅಜ್ಜಿಯರು ಇಂದಿಗೂ ನಿರ್ಭಯವಾಗಿ ಓಡಾಡುತ್ತಾರೆ. ಸ್ಥಳೀಯರು ಸುಖವಾಗಿ ನಡೆದಾಡುವ ಕಡೆ ಪ್ರವಾಸಿಯೂ ಸುಖವಾಗಿರುತ್ತಾನೆ. ಫ್ರೈಬುರ್ಗಿನ ಬೀದಿಗಳ ಅಂಚಿನಲ್ಲಿ ಮಧ್ಯಯುಗದಿಂದಲೂ ಪುಟ್ಟ ನೀರುಗಾಲುವೆಗಳು ಹರಿಯುತ್ತವೆ. ಅಕಸ್ಮಾತ್ ಅದರೊಳಗೆ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರೆಂಬ ನಂಬಿಕೆಯಿದೆ. ಅಲ್ಲಿಯೂ ಕಾಲಿಟ್ಟರೆ ಏನೋ ಆಗುತ್ತದೆ ಎಂಬ ಕಥೆಯೇ. ಆದರೆ ಅದು ಕರೆಯುವ ಕಥೆ. ಚಾಮರಾಜನಗರದ್ದು ಓಡಿಸುವ ಕಥೆ.

ಕರೆಯುವ ಕಥೆ ನಮ್ಮಲ್ಲಿಲ್ಲವೆ? ಅರಿಕುಠಾರವೆಂದಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು, ಇಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಆಷಾಢದಲ್ಲಿ ಇಲ್ಲಿ ನಡೆಯುವ ರಥೋತ್ಸವಕ್ಕೆ ನವದಂಪತಿಗಳು ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಸಂಪ್ರದಾಯದಂತೆ ಆಷಾಢದಲ್ಲಿ ಬೇರೆಬೇರೆಯಾಗಿ ಉಳಿಯುವ ಹೊಸ ಜೋಡಿಗಳು ಕೂಡುವ ಜಾತ್ರೆಯಿದು. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಉತ್ಸವ ನಿಂತಿತ್ತು. 2022ರಲ್ಲಿ ಹೊಸ ತೇರಿನೊಂದಿಗೆ ಮರಳಿ ಆರಂಭವಾಯಿತು. ಫ್ರೈಬುರ್ಗಿನ ಕಾಲುವೆಗಿಂತ ಇದೇನು ಕಡಿಮೆ ರಮ್ಯವೆ? ಇದೇ ಊರಿನಲ್ಲಿ ಹೊಯ್ಸಳ ದಂಡನಾಯಕ ಪುಣಿಸನು 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ ಎಂಬುದು ಎಷ್ಟು ಜನ ಪ್ರವಾಸಿಗರಿಗೆ ಗೊತ್ತು?

ಅಲ್ಲಿಂದ ಗುಂಡ್ಲುಪೇಟೆಯ ದಾರಿ ಹಿಡಿದರೆ ಹಳೆಯ ದೇಗುಲಗಳ ತೆರಕಣಾಂಬಿ, ಹತ್ತಿರದಲ್ಲೇ ತ್ರಿಯಂಬಕಪುರ. ಗುಂಡ್ಲುಪೇಟೆಯಲ್ಲಿ ವಿಜಯನಾರಾಯಣ ದೇವಾಲಯ, ಚಿಕ್ಕದೇವರಾಜ ಒಡೆಯರ ಕಾಲದ ಪರವಾಸುದೇವ ದೇವಾಲಯ. ಮುಂಗಾರಿನ ದಿನಗಳಲ್ಲಿ ಹೊಲಗಳ ತುಂಬ ಸೂರ್ಯಕಾಂತಿ, ಚೆಂಡು ಹೂವು. ಅವುಗಳ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಕೇರಳದಿಂದ ಜನ ಸಾಲುಗಟ್ಟುತ್ತಾರೆ. ಈ ನೆಲದ ಮಂಟೇಸ್ವಾಮಿ, ಮಾದಪ್ಪನ ಕಾವ್ಯ ಹಾಡುವ ನೀಲಗಾರರು, ಕಂಸಾಳೆಯವರು ಇದ್ದಾರೆ. 35 ಕಿ.ಮೀ. ಉದ್ದದ ಈ ದಾರಿಗೆ ಒಂದು ಹೆಸರಿಲ್ಲ ಎನ್ನುವುದೇ ಕೊರತೆ.

ಇದು ಕೇವಲ ಊರಿನ ಅಭಿಮಾನದ ಪ್ರಶ್ನೆಯಲ್ಲ. ಜಿಲ್ಲೆಯಲ್ಲಿ ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟ ಎರಡೂ ಹುಲಿ ರಕ್ಷಿತಾರಣ್ಯಗಳು. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದರಲ್ಲಿ ಸೇರಿತ್ತು. ಪ್ರವಾಸಿಗೆ ನೋಡಲು ಕಾಡೊಂದೇ ಇದ್ದರೆ ಆತ ಕಾಡಿನ ಅಂಚಿನಲ್ಲೇ ತಂಗಲು ಬಯಸುತ್ತಾನೆ. ಬೇಡಿಕೆ ಇದ್ದ ಕಡೆ ರೆಸಾರ್ಟು ಏಳುತ್ತದೆ, ಬೇಲಿ ಬೀಳುತ್ತದೆ, ಆನೆ ನಡೆಯುವ ದಾರಿ ಕಿರಿದಾಗುತ್ತದೆ. ಮಾಲೀಕ ಹೊರಗಿನವನಾದರೆ ಲಾಭವೂ ಹೊರಗೇ ಹೋಗುತ್ತದೆ. ಬೆಳೆ ಕಳೆದುಕೊಳ್ಳುವ ರೈತನಿಗೆ ಉಳಿಯುವುದು ಆನೆಯ ಹೆಜ್ಜೆ ಗುರುತು ಮಾತ್ರ. ಅದೇ ಪ್ರವಾಸಿ ಊರಿನಲ್ಲಿ ತಂಗಿದರೆ ಖಾನಾವಳಿ, ಆಟೊ, ಹೂವಿನ ಅಂಗಡಿ, ಓದಿದ ಯುವಕ-ಯುವತಿಯರ ಮಾರ್ಗದರ್ಶನ, ಎಲ್ಲಕ್ಕೂ ಪಾಲು ಸಿಗುತ್ತದೆ; ಕಾಡಿಗೂ ಉಸಿರಾಡಲು ಬಿಡುವು ಸಿಗುತ್ತದೆ. ಊರಿನ ಆಕರ್ಷಣೆ ಹೆಚ್ಚಿಸುವುದು ಕಾಡನ್ನು ಕಾಯುವ ಅಗ್ಗದ ಉಪಾಯ.

ನಮ್ಮ ಕೊಳಕು ಬಸ್ ನಿಲ್ದಾಣಗಳಿಗೂ ಜರ್ಮನಿಗೂ ಎಲ್ಲಿಯ ಹೋಲಿಕೆ, ಅವರಂತೆ ಹಣ ನಮ್ಮಲ್ಲಿ ಎಲ್ಲಿದೆ ಎಂದು ಕೆಲವರು ಕೇಳಬಹುದು. ಅಲ್ಲಿನ ಅನೇಕ ವಿಹಾರದ ಊರುಗಳಲ್ಲಿ ತಂಗುವ ಅತಿಥಿಯಿಂದಲೇ ರಾತ್ರಿಗಿಷ್ಟು ಎಂದು ಸಣ್ಣ ಶುಲ್ಕ ಪಡೆಯುತ್ತಾರೆ. ಆ ಹಣ ಊರಿನ ಸೌಕರ್ಯಗಳಿಗೇ ಹೋಗುತ್ತದೆ. ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಅನೇಕ ಊರುಗಳಲ್ಲಿ ಶುಲ್ಕ ಕೊಟ್ಟ ಅತಿಥಿಗೆ ಸಿಗುವ ಚೀಟಿಯಲ್ಲಿ ಸ್ಥಳೀಯ ಬಸ್ಸು, ರೈಲಿನ ಪ್ರಯಾಣ ಉಚಿತ. ಕೊಟ್ಟ ಹಣಕ್ಕೆ ಪ್ರತಿಫಲ ಕಣ್ಣೆದುರೇ ಕಂಡರೆ ಯಾರೂ ಗೊಣಗುವುದಿಲ್ಲ. ಇಂಥ ಶಿಸ್ತು ನಮಗೆ ಹೊಸದೂ ಅಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲೇ ಜನರನ್ನು ಕರೆದೊಯ್ಯುವ ವ್ಯವಸ್ಥೆಯಿದೆ, ಭಕ್ತರು ಒಪ್ಪಿಕೊಂಡಿದ್ದಾರೆ.

ಆಗಬೇಕಾದ ಕೆಲಸಗಳು ಸಣ್ಣವು. ಚಾಮರಾಜೇಶ್ವರ ದೇವಾಲಯದ ಸುತ್ತ ನಿರಾತಂಕವಾಗಿ ನಡೆಯಲು ಕಾಲುದಾರಿ, ಎರಡೂ ಊರುಗಳಲ್ಲಿ ಹೆಂಗಸರು ಹಿಂಜರಿಯದೆ ಹೋಗಬಹುದಾದ ಶೌಚಾಲಯ, ರೈಲು ನಿಲ್ದಾಣದಲ್ಲೂ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲೂ ಕನ್ನಡ, ಮಲಯಾಳಂ, ತಮಿಳು, ಇಂಗ್ಲಿಷ್‌ನಲ್ಲಿ ಮಾಹಿತಿ ಕೊಡುವ ಒಂದು ಕಿಟಕಿ. ವಾರಕ್ಕೊಂದು ಸಂಜೆ ಕಂಸಾಳೆ, ಕಲಾವಿದರಿಗೆ ಯೋಗ್ಯ ಸಂಭಾವನೆಯೊಂದಿಗೆ. ಹೂವಿನ ಹೊಲದವರಿಗೆ ನಿಗದಿತ ದರ, ವಾಹನ ನಿಲ್ಲಿಸಲು ಜಾಗ. ಎರಡು ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಪೈಪೋಟಿ ಬಿಟ್ಟು ಒಂದೇ ದಾರಿಯಾಗಿ ಯೋಚಿಸಿದರೆ ಸಾಕು. ಇವುಗಳಲ್ಲಿ ಯಾವುದಕ್ಕೂ ಪ್ರವಾಸಿ ಬರುವವರೆಗೆ ಕಾಯಬೇಕಾಗಿಲ್ಲ. ಆತ ಬಾರದೇ ಹೋದರೂ, ಪ್ರತಿದಿನ ಆ ಬೀದಿಯಲ್ಲಿ ಶಾಲೆಗೆ ನಡೆಯುವ ಮಕ್ಕಳಿಗೆ, ಸಂತೆಗೆ ಬರುವ ರೈತ ಮಹಿಳೆಯರಿಗೆ ಅದು ದಕ್ಕುತ್ತದೆ.